ರಕ್ತಪಿಶಾಚಿಯ ಊಟದ ಲೆಕ್ಕ

ಗೇಮ್‌ಗಳಲ್ಲಿ ರಕ್ತಪಿಶಾಚಿ ಯಾರದೋ ಕುತ್ತಿಗೆಗೆ ಬಾಯಿ ಹಾಕಿದ ಎರಡೇ ಕ್ಷಣದಲ್ಲಿ ಅದರ ಹೆಲ್ತ್ ಬಾರ್, ಅಂದರೆ ಉಳಿದ ಜೀವಬಲ ತೋರಿಸುವ ಪಟ್ಟಿ, ತುಂಬಿಬಿಡುತ್ತದೆ. ಆದರೆ ನೆತ್ತರು ಅಂಥ ಪುಷ್ಟಿಯ ಊಟವಲ್ಲ. ನೂರಕ್ಕೆ ಎಂಬತ್ತು ಪಾಲು ಬರೀ ನೀರು. ಒಬ್ಬರ ಮೈಯಲ್ಲಿರುವ ಸುಮಾರು 5 ಲೀಟರ್ ನೆತ್ತರಿನ ಸಕ್ಕರೆಯನ್ನೆಲ್ಲ ಕೂಡಿಸಿದರೂ 5 ಗ್ರಾಂ, ಅಂದರೆ ಒಂದು ಲೋಟ ಕಾಫಿಗೆ ಹಾಕುವ ಒಂದು ಚಮಚ. ಕೊಬ್ಬು ಲೆಕ್ಕಕ್ಕೇ ಬಾರದಷ್ಟು. ಉಳಿಯುವುದು ಪ್ರೋಟೀನು, ಲೀಟರಿಗೆ ಹೆಚ್ಚುಕಡಿಮೆ 190 ಗ್ರಾಂ. ಗ್ರಾಮಿಗೆ 4 ಕ್ಯಾಲೊರಿಯಂತೆ 760 ಕ್ಯಾಲೊರಿ ಆಯಿತು. ಮನುಷ್ಯನ ಗಾತ್ರದ ಜೀವಿಗೆ ದಿನಕ್ಕೆ 2,000 ಕ್ಯಾಲೊರಿ ಬೇಕೆಂದರೆ ಎರಡೂವರೆ ಲೀಟರಿಗೂ ಹೆಚ್ಚು ಕುಡಿಯಬೇಕು. ರಕ್ತದಾನ ಶಿಬಿರದಲ್ಲಿ ತುಂಬಿಸುವ 350 ಮಿಲಿಲೀಟರ್ ಚೀಲಗಳಾದರೆ ಏಳೆಂಟು. ಒಬ್ಬರಿಂದಲೇ ತೆಗೆದರೆ ಅವರು ಬದುಕುವುದು ಕಷ್ಟ. 2 ಲೀಟರ್ ಒಮ್ಮೆಗೇ ಹೋದರೇ ಜೀವ ಹೋಗುವ ಸ್ಥಿತಿ.

ಬೆಂಗಳೂರಿನಲ್ಲಿ ಗೇಮ್ ಕಟ್ಟುವವರು, ಕನ್ನಡದಲ್ಲಿ ಫ್ಯಾಂಟಸಿ ಬರೆಯುವವರು ಮಂತ್ರಶಕ್ತಿಗಿಂತ ಮೊದಲು ಈ ಲೆಕ್ಕವನ್ನು ಹಿಡಿಯಬೇಕು. ಹಸಿವಿಗೆ ಅಳತೆ ಸಿಕ್ಕಿತೆಂದರೆ ಭಯ ತಾನಾಗಿಯೇ ಬರುತ್ತದೆ.

ಈ ಲೆಕ್ಕದಲ್ಲೇ ಬದುಕುವ ಪ್ರಾಣಿ ನಿಜಕ್ಕೂ ಇದೆ. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಮೂರು ಜಾತಿಯ ಬಾವಲಿಗಳು ನೆತ್ತರನ್ನೇ ನಂಬಿವೆ. ಅವುಗಳಲ್ಲಿ ಹೆಚ್ಚಾಗಿ ಕಾಣಸಿಗುವುದರ ತೂಕ 30-40 ಗ್ರಾಂ. ಮಲಗಿದ ದನದ ಬಳಿಗೆ ನೆಲದ ಮೇಲೆ ಕುಪ್ಪಳಿಸುತ್ತ ಬಂದು, ಚರ್ಮದಡಿ ಬೆಚ್ಚನೆಯ ರಕ್ತನಾಳ ಎಲ್ಲಿದೆಯೆಂದು ಮೂಗಿನಿಂದಲೇ ಶಾಖ ಹಿಡಿದು ಪತ್ತೆಹಚ್ಚುತ್ತದೆ. ಆಮೇಲೆ ಕೆಲಸ ಮಾಡುವುದು ಕೋರೆಹಲ್ಲಲ್ಲ, ಕ್ಷೌರದ ಬ್ಲೇಡಿನಂಥ ಬಾಚಿಹಲ್ಲು. ಕೆಲವೇ ಮಿಲಿಮೀಟರ್ ಚರ್ಮ ಕೆತ್ತಿ, ಒಸರುವ ನೆತ್ತರನ್ನು ನೆಕ್ಕುತ್ತದೆ, ಹೀರುವುದಿಲ್ಲ. ಹೆಪ್ಪುಗಟ್ಟದಂತೆ ಅದರ ಜೊಲ್ಲು ನೋಡಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ತನ್ನ ತೂಕದ ಅರ್ಧದಷ್ಟು ಕುಡಿಯುವುದರಿಂದ, ಮೈ ಹಗುರಾಗಲೆಂದು ಊಟದ ನಡುವೆಯೇ ಮೂತ್ರ ಹೊಯ್ಯತೊಡಗುತ್ತದೆ. ಎರಡು-ಮೂರು ರಾತ್ರಿ ಏನೂ ಸಿಗದಿದ್ದರೆ ಸಾವು. ಅದಕ್ಕೇ ಹೊಟ್ಟೆ ತುಂಬಿದ ಬಾವಲಿ ಹಸಿದ ಜೊತೆಗಾತಿಗೆ ಕಕ್ಕಿ ಉಣಿಸುತ್ತದೆ.

ನಮ್ಮ ಬಾವಲಿಗಳನ್ನು ಈ ಸಾಲಿಗೆ ಸೇರಿಸುವುದು ದೊಡ್ಡ ಅನ್ಯಾಯ. ಬೆಂಗಳೂರಿನ ಮರಗಳಿಂದ ಮುಸ್ಸಂಜೆಗೆ ಏಳುವ ದೊಡ್ಡ ಬಾವಲಿಗಳು ಹಣ್ಣು, ಮಕರಂದ ತಿಂದು ಬೀಜ ಹರಡುವಂಥವು.

ಪರದೆಯ ಮೇಲೆ ಕಾಣುವ ಎರಡು ತೂತಿನ ಕಡಿತಕ್ಕೆ ಬರೋಣ. ಕೋರೆಹಲ್ಲು ಒಳಗೇ ಇದ್ದರೆ ಬೆಣೆಯಂತೆ ತೂತನ್ನು ಮುಚ್ಚಿಬಿಡುತ್ತದೆ. ಹಿಂದಕ್ಕೆಳೆದರೆ ಸಣ್ಣ ಗಾಯ ಕೆಲವು ನಿಮಿಷಗಳಲ್ಲೇ ಹೆಪ್ಪುಗಟ್ಟುತ್ತದೆ. ಕತ್ತಿನ ದೊಡ್ಡ ಅಪಧಮನಿಗೇ ತಗಲಿತೋ, ಎದೆ ಬಡಿದಂತೆಲ್ಲ ಚಿಮ್ಮುವ ನೆತ್ತರಿನಲ್ಲಿ ಹೆಚ್ಚಿನದು ಗೋಡೆಯ ಪಾಲು. ಬಾವಲಿಯ ಜೊಲ್ಲು ಮತ್ತು ಬಾಚಿಹಲ್ಲು ಕೊಟ್ಟರೆ ಮಾತ್ರ ನಿಮ್ಮ ಪಿಶಾಚಿಗೆ ಊಟ. ರಕ್ತನಿಧಿಯಿಂದ ಚೀಲ ಕದಿಯುವ ದೃಶ್ಯವಿದ್ದರೆ ಒಂದಿಷ್ಟು ನೆನಪಿರಲಿ: 350 ಮಿಲಿಲೀಟರಿನ ಚೀಲದಲ್ಲಿ 49 ಮಿಲಿಲೀಟರ್ ಹೆಪ್ಪುನಿರೋಧಕ ದ್ರವ ಮೊದಲೇ ಇರುತ್ತದೆ, 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೂ ಸಾಮಾನ್ಯವಾಗಿ 35 ದಿನವೇ ಅವಧಿ.

ಪಿಶಾಚಿಯ ಬಿಳಿಚಿದ ಮುಖದ ಬಣ್ಣವನ್ನೂ ತಿದ್ದಬೇಕು. ಆ ಎರಡೂವರೆ ಲೀಟರಿನಲ್ಲಿ 1 ಗ್ರಾಮಿಗೂ ಹೆಚ್ಚು ಕಬ್ಬಿಣವಿದೆ. ನಮ್ಮ ಕರುಳು ಸಾಮಾನ್ಯವಾಗಿ ದಿನಕ್ಕೆ ಹೀರಿಕೊಳ್ಳುವುದು 1-2 ಮಿಲಿಗ್ರಾಂ ಅಷ್ಟೇ. ಅದಕ್ಕಿಂತ ಹೆಚ್ಚು ಮೈಗೆ ಸೇರಿದರೆ ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ; ಅದು ಲಿವರ್‌ನಲ್ಲಿ, ಹೃದಯದಲ್ಲಿ ಕೂಡಿಕೊಂಡು ಕೊನೆಗೆ ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಹಳೆಯ ನಂಬಿಕೆಯಲ್ಲೂ ಪಿಶಾಚಿ ಬಿಳಿಚಿಕೊಂಡಿರಲಿಲ್ಲ. 1732ರಲ್ಲಿ ಸರ್ಬಿಯಾದ ಹಳ್ಳಿಯೊಂದರಲ್ಲಿ ಗೋರಿಗಳನ್ನು ಅಗೆಸಿದ ಸೇನಾ ವೈದ್ಯರು ಕೊಳೆಯದ, ಒಳಗೆ ಹಸಿ ನೆತ್ತರಿದ್ದ ಹೆಣಗಳನ್ನು ಕಂಡೆವೆಂದು ವರದಿ ಬರೆದರು. ಕೊಳೆಯುವಾಗ ಹುಟ್ಟುವ ಅನಿಲ ಹೊಟ್ಟೆಯನ್ನು ಉಬ್ಬಿಸಿ, ಕೆಂಪು ದ್ರವವನ್ನು ಬಾಯಿಗೆ ತಳ್ಳುತ್ತದೆ. ಚರ್ಮ ಸುಕ್ಕಿ ಉಗುರು ಬೆಳೆದಂತೆ ಕಾಣುತ್ತದೆ. ತಂಪು ಮಣ್ಣಿನಲ್ಲಿ ಇದೆಲ್ಲ ಬಲು ನಿಧಾನ. ಬಿಸಿಲಿಗೆ ಸಾಯುವ ನಿಯಮವಂತೂ ತೀರಾ ಈಚಿನದು, 1922ರ ಜರ್ಮನ್ ಮೂಕಿಚಿತ್ರದಿಂದ ಹಬ್ಬಿದ್ದು. 1897ರ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ.

ಹಾಗಾಗಿ ಬಿಸಿಲನ್ನು ಬಿಟ್ಟು ಬಾಗಿಲನ್ನು ಹಿಡಿಯಬಹುದು. ಕರೆಯದೆ ಒಳಗೆ ಬರಲಾರದು ಎಂಬುದು ಯುರೋಪಿನ ಪಿಶಾಚಿಯ ಕಟ್ಟು. ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಕಟ್ಟು ಇದೆ. 1990ರ ದಶಕದಲ್ಲಿ ದೆವ್ವವೊಂದರ ವದಂತಿಗೆ ಹೆದರಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಪರಿಚಿತರ ದನಿಯಲ್ಲಿ ಕೂಗುವ ಆ ದೆವ್ವ ಬರಹ ಓದಿ ಹೊರಟುಹೋಗುತ್ತದೆ, ಮರುದಿನ ಬಂದು ಮತ್ತದನ್ನೇ ಓದುತ್ತದೆ. ಇದನ್ನು ಬಾವಲಿಯ ಹಸಿವಿಗೆ ಜೋಡಿಸಿ ನೋಡಿ. ಮನುಷ್ಯಗಾತ್ರದ ಮೈ ಬಾವಲಿಗಿಂತ ಹೆಚ್ಚು ದಿನ ತಡೆಯುತ್ತದೆ. ಏಳು ರಾತ್ರಿ ಎಂದಿಡಿ. ಆಟಗಾರ ಏಳು ರಾತ್ರಿ ಬೀದಿಯ ಪ್ರತಿ ಬಾಗಿಲಲ್ಲೂ ಅಕ್ಷರ ಅಳಿಯದಂತೆ ಕಾಯಬೇಕು. ಕೈಯಲ್ಲಿರುವುದು ಒಂದು ತುಂಡು ಸೀಮೆಸುಣ್ಣ. ಆರನೆಯ ಸಂಜೆ ಮಳೆ ಶುರುವಾಗುತ್ತದೆ.