ಬಂಪರ್ ಮೇಲಿನ ಪೇಂಟ್ ಎಷ್ಟು ದಿನ ಬಾಳುತ್ತದೆ? ಟೆಸ್ಟಿಂಗ್ ಟಿಪ್ಪಣಿ, ಮತ್ತು ನನ್ನ ತಲೆ ಕೆಡಿಸಿದ ಕಿಲೋಜೂಲ್ ಲೆಕ್ಕ

ನಾನು ಕಲಬುರಗಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕೊನೇ ವರ್ಷದಲ್ಲಿದ್ದೇನೆ. ಪ್ಲಾಸ್ಟಿಕ್ ಮೇಲಿನ ಪೇಂಟ್ ಟೆಸ್ಟಿಂಗ್ ಪಾಠ ಪೂರ್ತಿ ಅರ್ಥವಾಗಿ ಇನ್ನೂ ಒಂದು ವಾರವಾಗಿಲ್ಲ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಪೇಂಟ್ ಅಂದರೇನು, ಥಿನ್ನರ್ ಅಂದರೇನು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ, ಅದು ನಿಮಗೂ ಗೊತ್ತಿರುತ್ತದೆ.

ಶುರುವಾಗಿದ್ದು ನಮ್ಮ ದೊಡ್ಡಪ್ಪನ ಮಗನ ಕಾರಿನಿಂದ. ಹಳೇ ಕಾರು. ಮುಂದಿನ ಬಂಪರಿಗೆ ಒಂದು ಗ್ಯಾರೇಜಿನಲ್ಲಿ ಹೊಸ ಬಣ್ಣ ಹೊಡೆಸಿದ್ದ. ಮೂರು ತಿಂಗಳಾದ ಮೇಲೆ ವಾಟರ್ ಸರ್ವಿಸಿಂಗಿಗೆ ಬಿಟ್ಟಾಗ ಪೈಪಿನ ನೀರು ಹೊಡೆದ ಕಡೆ ಬಣ್ಣ ಎದ್ದಿತು. ಬೇಯಿಸಿದ ಗೆಣಸಿನ ಸಿಪ್ಪೆ ಬಿಡಿಸಿದ ಹಾಗೆ ಅಂಗೈ ಅಗಲದ ಹಾಳೆಯೇ ಕೈಗೆ ಬಂತು. ಅದನ್ನು ತಿರುಗಿಸಿ ನೋಡಿದೆ. ಹಿಂಭಾಗ ನುಣ್ಣಗಿತ್ತು. ಬಂಪರ್ ಮೇಲೆ ಬಣ್ಣದ ಒಂದು ಚುಕ್ಕೆಯೂ ಉಳಿದಿರಲಿಲ್ಲ, ಬರೀ ಕಪ್ಪು ಪ್ಲಾಸ್ಟಿಕ್.

ಈ ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಪೂರ್ತಿ ಬರಿದಾಗಿದ್ದರೆ ಹಿಡಿತವೇ ಸಿಕ್ಕಿಲ್ಲ ಎಂದರ್ಥ. ಎರಡೂ ಕಡೆ ಪ್ರೈಮರ್ (ಪೇಂಟಿನ ಕೆಳಗೆ ಹಿಡಿತಕ್ಕೆ ಹೊಡೆಯುವ ಪದರ) ಅಂಟಿಕೊಂಡಿದ್ದರೆ ಪ್ರೈಮರೇ ನಡುವೆ ಸೀಳಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ತಗಡಲ್ಲ, ಪ್ಲಾಸ್ಟಿಕ್

ನಮ್ಮ ಓಣಿಯ ಹತ್ತಿರ ಡೆಂಟಿಂಗ್-ಪೇಂಟಿಂಗ್ ಮಾಡುವ ಚಾಚಾ ಒಬ್ಬರಿದ್ದಾರೆ. ಅವರಿಗೆ ತೋರಿಸಿದಾಗ ನಕ್ಕು, "ಇದು ತಗಡಲ್ಲ ಬೇಟಾ. ಇದಕ್ಕ ಸುಮ್ನ ಹೊಡದ್ರ ಪೇಂಟ್ ಹತ್ತಂಗಿಲ್ಲ" ಎಂದರು. ಆಮೇಲೆ ಬಂಪರ್ ಬಿಚ್ಚಿ ಒಳಮೈ ಒರೆಸಿ ತೋರಿಸಿದರು. ಮಣ್ಣಿನ ಕೆಳಗೆ ಅಚ್ಚು ಇತ್ತು: ಪಿಪಿ+ಇಪಿಡಿಎಂ-ಟಿಡಿ20. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಅಂದರೆ ಅದರಲ್ಲಿ ಕಲಸಿದ ರಬ್ಬರ್, ಟಿಡಿ20 ಅಂದರೆ ನೂರಕ್ಕೆ 20 ಭಾಗ ಟಾಲ್ಕ್ ಪುಡಿ. ನಿಮ್ಮ ಮನೆಯ ಗಾಡಿಯ ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲೂ ಹುಡುಕಿ, ಇಂಥ ಅಚ್ಚು ಸಿಗುತ್ತದೆ. ಕನ್ನಡಿಯ ಕವರ್, ಗ್ರಿಲ್ ಬಹಳ ಸಲ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಆಗಿರುತ್ತವೆ. ಎಬಿಎಸ್‌ಗೆ ಪೇಂಟ್ ಸುಲಭವಾಗಿ ಹತ್ತುತ್ತದೆ. ಹಟ ಮಾಡುವುದು ಪಿಪಿ.

ಯಾಕೆಂದರೆ ಪಿಪಿಯ ಮೇಲ್ಮೈ ಶಕ್ತಿ (ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಬಲ) ಸೆಂಟಿಮೀಟರಿಗೆ ಸುಮಾರು 30 ಡೈನ್ ಅಷ್ಟೇ. ನೀರಿನ ಮೇಲ್ಮೈ ಸೆಳೆತ 72. ಅದಕ್ಕೇ ಬಂಪರ್ ಮೇಲೆ ನೀರು ಹಾಕಿದರೆ ಹರಡುವುದಿಲ್ಲ, ಕೆಸುವಿನೆಲೆ ಮೇಲಿನ ಹಾಗೆ ಮಣಿಯಾಗಿ ನಿಲ್ಲುತ್ತದೆ. ಪೇಂಟಿನ ಕಷ್ಟವೂ ಅದೇ. ಕಾರ್ಖಾನೆಯಲ್ಲಿ ಬಂಪರ್ ಮೇಲೆ ನೀಲಿ ಜ್ವಾಲೆಯನ್ನು ಕ್ಷಣ ಮಾತ್ರ ಆಡಿಸುತ್ತಾರೆ. ಆಗ ಮೇಲ್ಪದರಕ್ಕೆ ಆಮ್ಲಜನಕ ಸೇರಿ ಪೇಂಟಿಗೆ ಹಿಡಿಯಲು ಜಾಗ ಸಿಗುತ್ತದೆ. ಇಲ್ಲವೇ ಕ್ಲೋರಿನ್ ಸೇರಿಸಿದ ಪಾಲಿಓಲೆಫಿನ್ ಇರುವ ಪ್ರೈಮರ್ ಹೊಡೆಯುತ್ತಾರೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಇದೇ ಜಾತಿಯದ್ದು. ಅಣ್ಣನ ಕಾರಿಗೆ ಇವೆರಡೂ ಆಗಿರಲಿಲ್ಲ.

ಇನ್ನೊಂದು ಕಷ್ಟ ಹಿಗ್ಗುವುದು. ಬರೀ ಪಿಪಿ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 100 ಭಾಗ ಹಿಗ್ಗುತ್ತದೆ, ಉಕ್ಕು 12 ಭಾಗ. 1.7 ಮೀಟರ್ ಬಂಪರ್ 50 ಡಿಗ್ರಿ ಏರಿದರೆ 8.5 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು 1 ಮಿಲಿಮೀಟರ್. ಟಾಲ್ಕ್ ಹಾಕಿದರೆ ಇದು ಕಡಿಮೆಯಾಗುತ್ತದೆ, ಆದರೂ ಉಕ್ಕಿನಷ್ಟು ಇಳಿಯುವುದಿಲ್ಲ. ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಪ್ಪು ಬಂಪರ್ ನೆನಪಿಸಿಕೊಳ್ಳಿ. ಅದರ ಮೇಲಿನ ಪೇಂಟ್ ಪ್ರತಿದಿನ ಎಳೆಸಿಕೊಳ್ಳಬೇಕು, ಮತ್ತೆ ಕುಗ್ಗಬೇಕು.

ಕ್ರಾಸ್ ಕಟ್: 0 ಒಳ್ಳೆಯದೋ 5 ಒಳ್ಳೆಯದೋ

ಪೇಂಟ್ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ನೋಡುವ ಟೆಸ್ಟ್ ಇದು. ಬ್ಲೇಡಿನಿಂದ ಆರು ಗೆರೆ, ಅದಕ್ಕೆ ಅಡ್ಡವಾಗಿ ಆರು ಗೆರೆ. 25 ಚೌಕ ಬರುತ್ತವೆ. ಮೇಲೆ ಟೇಪ್ ಅಂಟಿಸಿ ಕಿತ್ತು, ಎಷ್ಟು ಚೌಕ ಎದ್ದವು ಎಂದು ಭೂತಗನ್ನಡಿಯಲ್ಲಿ ನೋಡುವುದು. ಪೇಂಟ್ ದಪ್ಪ 61ರಿಂದ 120 ಮೈಕ್ರಾನ್ ಇದ್ದರೆ ಗೆರೆಗಳ ನಡುವೆ 2 ಮಿಲಿಮೀಟರ್ ಬಿಡಬೇಕು. ಬ್ಲೇಡ್ ಪ್ಲಾಸ್ಟಿಕ್ ಮುಟ್ಟಬೇಕು, ಅದರೊಳಗೆ ಆಳವಾಗಿ ಇಳಿಯಬಾರದು. ಮೆತ್ತಗಿನ ಪಿಪಿ ಮೇಲೆ ಇದು ಹೇಳಿದಷ್ಟು ಸುಲಭವಲ್ಲ. ದಪ್ಪ ಅಳೆಯುವಾಗಲೂ ಎಚ್ಚರ: ತಗಡಿನ ಮೇಲೆ ಇಡುವ ಮ್ಯಾಗ್ನೆಟ್ ಮೀಟರ್ ಪ್ಲಾಸ್ಟಿಕ್ ಮೇಲೆ ಕೆಲಸ ಮಾಡುವುದಿಲ್ಲ. ಅಲ್ಟ್ರಾಸಾನಿಕ್ ಮೀಟರ್ ಬೇಕು, ಇಲ್ಲವೇ ತುಂಡು ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಲ್ಯಾಬಿನಲ್ಲಿ ನಾನು ಮ್ಯಾಗ್ನೆಟ್ ಮೀಟರ್ ಇಟ್ಟು ಹತ್ತು ನಿಮಿಷ ಅದರ ಸೆಲ್ ಬದಲಿಸಿದ್ದೆ. ಯಾರಿಗೂ ಹೇಳಬೇಡಿ.

ಗೊಂದಲ ಇರುವುದು ಅಂಕದಲ್ಲಿ. ಐಎಸ್ಒ 2409 (ಅಂತರರಾಷ್ಟ್ರೀಯ ಮಾನಕ) ಪ್ರಕಾರ 0 ಅತ್ಯುತ್ತಮ, 5 ಅತಿ ಕೆಟ್ಟದ್ದು. ಎಎಸ್‌ಟಿಎಂ ಡಿ3359ರಲ್ಲಿ (ಅಮೆರಿಕದ ಮಾನಕ) 5ಬಿ ಅತ್ಯುತ್ತಮ, 0ಬಿ ಕೆಟ್ಟದ್ದು. ಪೂರ್ತಿ ಉಲ್ಟಾ. ಆದರೆ ಎರಡರಲ್ಲೂ ಗಡಿಗಳು ಒಂದೇ: ಎದ್ದ ಜಾಗ ನೂರಕ್ಕೆ 5, 15, 35, 65. ಹಾಗಾಗಿ ನನ್ನ ಉಪಾಯ ಇದು: ಎರಡೂ ಅಂಕ ಕೂಡಿಸಿದರೆ ಯಾವಾಗಲೂ 5. ಐಎಸ್ಒ 1 ಅಂದರೆ ಅಲ್ಲಿ 4ಬಿ. ಐಎಸ್ಒ 3 ಅಂದರೆ 2ಬಿ. ಬರೀ "ಅಂಕ 5" ಎಂದು ಬರೆದ ರಿಪೋರ್ಟಿಗೆ ಅರ್ಥವೇ ಇಲ್ಲ. ಇದು ಸಾಲದು ಎಂಬಂತೆ ಪೆನ್ಸಿಲಿನಿಂದ ಗೀರಿ ಗಟ್ಟಿತನ ನೋಡುವ ಟೆಸ್ಟಿನಲ್ಲೂ ಒಂದು 5ಬಿ ಇದೆ. ಅಲ್ಲಿ 5ಬಿ ಅಂದರೆ ತೀರಾ ಮೆತ್ತಗಿನ ಪೇಂಟ್!

ಝೆನಾನ್ ಲೆಕ್ಕ: ಇಲ್ಲೇ ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದು

ಬಿಸಿಲಿನಲ್ಲಿ ಬಣ್ಣ ಮಾಸುವುದನ್ನು ವರ್ಷಗಟ್ಟಲೆ ಕಾಯದೆ ನೋಡಲು ಝೆನಾನ್ ದೀಪದ ಪೆಟ್ಟಿಗೆ ಇದೆ. ವಾಹನಗಳ ಹೊರಭಾಗಕ್ಕೆ ಬಹಳ ಬಳಸುವ ನಿಯಮ ಎಸ್ಎಇ (ಅಮೆರಿಕದ ವಾಹನ ಎಂಜಿನಿಯರುಗಳ ಸಂಘ) ಜೆ2527. ಅದರ ಒಂದು ಸುತ್ತು 3 ತಾಸು. 40 ನಿಮಿಷ ಬೆಳಕು, 20 ನಿಮಿಷ ಬೆಳಕಿನ ಜೊತೆ ನೀರು, 60 ನಿಮಿಷ ಬೆಳಕು, ಆಮೇಲೆ 60 ನಿಮಿಷ ಕತ್ತಲೆಯಲ್ಲಿ ನೀರು. ಬೆಳಕಿದ್ದಾಗ, ಕಾವು ಅಳೆಯಲು ಒಳಗಿಟ್ಟ ಕಪ್ಪು ಫಲಕದ ಉಷ್ಣತೆ 70 ಡಿಗ್ರಿ, ಕತ್ತಲಲ್ಲಿ 38. ಬೆಳಕಿನ ಮಟ್ಟ 340 ನ್ಯಾನೋಮೀಟರ್ (ಅತಿನೇರಳೆ ಬೆಳಕಿನ ತರಂಗಾಂತರ) ಹತ್ತಿರ 0.55 ವ್ಯಾಟ್, ಒಂದು ಚದರ ಮೀಟರಿಗೆ, ಒಂದು ನ್ಯಾನೋಮೀಟರಿಗೆ.

ಪುಸ್ತಕದ ಪ್ರಶ್ನೆ ಹೀಗಿತ್ತು: ಪೇಂಟ್ ಮೇಲೆ ಬಿದ್ದ ಬೆಳಕಿನ ಶಕ್ತಿ (ಇದೂ ಒಂದು ಚದರ ಮೀಟರಿಗೆ, ಒಂದು ನ್ಯಾನೋಮೀಟರಿಗೆ) 2500 ಕಿಲೋಜೂಲ್ ಆಗಲು ಯಂತ್ರ ಎಷ್ಟು ತಾಸು ಓಡಬೇಕು?

ನಾನು 2500ನ್ನು 0.55ರಿಂದ ಭಾಗಿಸಿ 4545 ತಾಸು ಎಂದು ಬರೆದೆ. ತಪ್ಪು. ವ್ಯಾಟ್ ಅಂದರೆ ಒಂದು ಸೆಕೆಂಡಿಗೆ ಒಂದು ಜೂಲ್. ತಾಸಿಗಲ್ಲ. ಒಂದು ತಾಸಿನಲ್ಲಿ 3600 ಸೆಕೆಂಡ್. 0.55 × 3600 = 1980 ಜೂಲ್, ಅಂದರೆ 1.98 ಕಿಲೋಜೂಲ್.

ಸರಿ ಎಂದುಕೊಂಡು 2500 ÷ 1.98 ಮಾಡಿದೆ. 1263 ತಾಸು. ಉತ್ತರದ ಪುಟದಲ್ಲಿ 1894 ಇತ್ತು. ಮತ್ತೆ ಮಾಡಿದೆ, ಮತ್ತೆ 1263. ಪುಸ್ತಕವೇ ತಪ್ಪಿರಬೇಕು ಎಂದು ಮಲಗಿಬಿಟ್ಟೆ.

ಅರ್ಥವಾಗಿದ್ದು ಊರಿಗೆ ಹೋದಾಗ ಹೊಲದಲ್ಲಿ. ನಮ್ಮ ಬೋರಿನ ಪಂಪ್ 2 ತಾಸು ಓಡಿ, 1 ತಾಸು ಕರೆಂಟ್ ಹೋಗಿ, ಮತ್ತೆ 2 ತಾಸು ಓಡುತ್ತಿತ್ತು. ತೊಟ್ಟಿ ತುಂಬಲು 4 ತಾಸು ಪಂಪ್ ಓಡಬೇಕು ಎಂದಿಟ್ಟುಕೊಳ್ಳಿ. ಗಡಿಯಾರದಲ್ಲಿ ಆಗುವುದು 5 ತಾಸು. ಇನ್ನೂ ದೊಡ್ಡ ತೊಟ್ಟಿಯಾದರೆ, ಪಂಪ್ ಓಡುವ ಪ್ರತಿ 2 ತಾಸಿಗೆ ಗಡಿಯಾರದ 3 ತಾಸು ಹೋಗುತ್ತದೆ. ಕರೆಂಟ್ ಇಲ್ಲದ ತಾಸಿನಲ್ಲಿ ತೊಟ್ಟಿಗೆ ಒಂದು ಹನಿಯೂ ಬೀಳುವುದಿಲ್ಲ, ಗಡಿಯಾರ ಮಾತ್ರ ನಡೆಯುತ್ತಲೇ ಇರುತ್ತದೆ.

ಕತ್ತಲೆಯ 60 ನಿಮಿಷವೇ ಆ ಕರೆಂಟ್ ಇಲ್ಲದ ತಾಸು. 1263 ಬೆಳಕಿನ ತಾಸು. ಅದಕ್ಕೆ ಅರ್ಧ ಸೇರಿಸಿದರೆ 1894 ಗಡಿಯಾರದ ತಾಸು. ಹತ್ತಿರ ಹತ್ತಿರ 79 ದಿನ.

ಇನ್ನೊಂದು ದಾರಿಯಲ್ಲೂ ತಾಳೆ ನೋಡಿ. ಒಂದು ಸುತ್ತಿನಲ್ಲಿ ಬೆಳಕು 2 ತಾಸು, ಅಂದರೆ 3.96 ಕಿಲೋಜೂಲ್. 2500ಕ್ಕೆ ಸುಮಾರು 631 ಸುತ್ತು. ಪ್ರತಿ ಸುತ್ತು 3 ತಾಸು. ಮತ್ತೆ ಅದೇ 1894ರ ಹತ್ತಿರ ಬಂದು ನಿಲ್ಲುತ್ತೀರಿ.

ಪರೀಕ್ಷೆಯಲ್ಲಿ ಬೇಗ ಪರಿಶೀಲಿಸಲು: ಜೆ2527ರಲ್ಲಿ ಕಿಲೋಜೂಲಿನ ಮುಕ್ಕಾಲು ತೆಗೆದುಕೊಂಡರೆ ತಾಸು ಸಿಗುತ್ತದೆ. 2500ರ ಮುಕ್ಕಾಲು 1875, ಸರಿಯಾದ ಉತ್ತರ 1894. ಅಂದಾಜಿಗೆ ಸಾಕು. ಆದರೆ ಇದನ್ನು ಬೇರೆ ನಿಯಮಕ್ಕೆ ಹಚ್ಚಬೇಡಿ. ಎಎಸ್‌ಟಿಎಂ ಜಿ155ರ ಮೊದಲ ಸುತ್ತಿನಲ್ಲಿ 0.35 ವ್ಯಾಟ್, 102 ನಿಮಿಷ ಬೆಳಕು, 18 ನಿಮಿಷ ಬೆಳಕು ಮತ್ತು ನೀರು. ಕತ್ತಲೆಯೇ ಇಲ್ಲ. ಅಲ್ಲಿ ತಾಸಿಗೆ 1.26 ಕಿಲೋಜೂಲ್, 2500ಕ್ಕೆ 1984 ತಾಸು. ಕತ್ತಲೆ ಇದೆಯೋ ಇಲ್ಲವೋ ಎನ್ನುವುದನ್ನೇ ಮೊದಲು ನೋಡಿ.

ನನಗೆ ಆಶ್ಚರ್ಯ ತಂದ ಮಾತು ಒಂದಿದೆ. ಬೇಸಿಗೆಯ ನಡುಮಧ್ಯಾಹ್ನದ ಬಿಸಿಲು 340ರ ಹತ್ತಿರ ಸುಮಾರು 0.68 ಇರುತ್ತದೆ. ಅಂದರೆ ಪೆಟ್ಟಿಗೆಯ 0.55 ಅದಕ್ಕಿಂತ ಕಡಿಮೆಯೇ! ವೇಗ ಬರುವುದು ಪೆಟ್ಟಿಗೆಯಲ್ಲಿ ಬೆಳಗು, ಸಂಜೆ, ಮೋಡ ಇಲ್ಲದ್ದರಿಂದ. ಜೊತೆಗೆ 70 ಡಿಗ್ರಿ ಕಾವು. ಹಾಗಂತ "ಇಷ್ಟು ತಾಸು ಅಂದರೆ ಕಲಬುರಗಿಯಲ್ಲಿ ಇಷ್ಟು ವರ್ಷ" ಎಂದು ನೇರವಾಗಿ ಗುಣಿಸಲು ಆಗುವುದಿಲ್ಲ. ಒಂದೊಂದು ಪೇಂಟ್ ಒಂದೊಂದು ಥರ ಹಾಳಾಗುತ್ತದೆ. ಒಂದಕ್ಕೆ ಬೆಳಕು ಶತ್ರು, ಇನ್ನೊಂದಕ್ಕೆ ನೀರು. ಜೆ2527ರಂಥ ಹಳೆಯ ನಿಯಮದಲ್ಲಿ ಪೇಂಟ್ ಒಳಗೆ ಸಾಕಷ್ಟು ನೀರು ಇಳಿಯುತ್ತಿರಲಿಲ್ಲ, ಪೇಂಟನ್ನು ಬಯಲಲ್ಲಿಟ್ಟು ನೋಡುವ ಅಮೆರಿಕದ ಫ್ಲೋರಿಡಾದ ರಾತ್ರಿಯ ಇಬ್ಬನಿಗೆ ಅದು ಸಮನಾಗುತ್ತಿರಲಿಲ್ಲ ಎಂದು ಕಂಡುಕೊಂಡು 2013ರಲ್ಲಿ ಎಎಸ್‌ಟಿಎಂ ಡಿ7869 ತಂದರು. ಅದರಲ್ಲಿ ಕತ್ತಲೆಯಲ್ಲಿ ನೆನೆಸುವ ಹೊತ್ತು ಜಾಸ್ತಿ.

ಪೆಟ್ಟಿಗೆಯಿಂದ ತೆಗೆದ ಮೇಲೆ ಹೊಳಪು (60 ಡಿಗ್ರಿ ಕೋನದಲ್ಲಿ, ತುಂಬ ಹೊಳೆಯುವ ಪೇಂಟಾದರೆ 20), ಬಣ್ಣದ ವ್ಯತ್ಯಾಸ, ಬಿರುಕು ನೋಡುತ್ತಾರೆ. ಇದರ ಜೊತೆ ಕ್ರಾಸ್ ಕಟ್ ಮತ್ತೆ ಮಾಡಬೇಕು. ಇದನ್ನು ಬಿಡಬೇಡಿ. ಹೊಳಪು ಚೆನ್ನಾಗಿದ್ದೂ ಕೆಳಗೆ ಹಿಡಿತ ಹೋಗಿರಬಹುದು.

ಉಳಿದ ಟೆಸ್ಟ್‌ಗಳು, ಚುಟುಕಾಗಿ

ಕಲ್ಲೇಟು: ಗಾಳಿಯ ಒತ್ತಡದಿಂದ ಜಲ್ಲಿಕಲ್ಲನ್ನು ಪೇಂಟ್ ಮೇಲೆ ಎರಚುವುದು, ಎಸ್ಎಇ ಜೆ400. ಸೇಡಂ ರಸ್ತೆಯಲ್ಲಿ ಲಾರಿ ಹಿಂದೆ ಹೋದವರಿಗೆ ವಿವರಿಸಬೇಕಿಲ್ಲ.

ನೀರಿನ ಜೆಟ್: ಪೇಂಟಿಗೆ ಅಡ್ಡಗೆರೆ ಕೊಯ್ದು ಅಲ್ಲಿಗೆ ಬಿಸಿ ನೀರನ್ನು ಜೋರಾಗಿ ಹೊಡೆಯುವುದು. ಅಣ್ಣನ ಕಾರಿಗೆ ಪುಕ್ಕಟೆ ಆದದ್ದು ಇದೇ.

ಚಳಿಯಲ್ಲಿ ಹೊಡೆತ: ಪೇಂಟ್ ಬಾಗದಷ್ಟು ಬಿರುಸಾಗಿದ್ದರೆ ಮೊದಲು ಅದು ಬಿರುಕು ಬಿಡುತ್ತದೆ, ಆ ಬಿರುಕು ಕೆಳಗಿನ ಪ್ಲಾಸ್ಟಿಕ್‌ಗೂ ದಾರಿ ಮಾಡಿಕೊಡುತ್ತದೆ. ಪೇಂಟ್ ಇಲ್ಲದಿದ್ದರೆ ಬಾಗಿ ಉಳಿಯುತ್ತಿದ್ದ ಪ್ಲಾಸ್ಟಿಕ್ ಪೇಂಟ್ ಇದ್ದುದರಿಂದಲೇ ಒಡೆಯಬಹುದು. ಇದನ್ನು ಮೊದಲ ಸಲ ಓದಿದಾಗ ನಂಬಲಿಲ್ಲ.

ರಾಸಾಯನಿಕ: ಪೆಟ್ರೋಲ್, ಬ್ರೇಕ್ ಆಯಿಲ್, ಹಕ್ಕಿ ಹಿಕ್ಕೆ. ಕಾರಿನ ಒಳಭಾಗಕ್ಕಾದರೆ ಸನ್‌ಸ್ಕ್ರೀನ್ ಕ್ರೀಮ್ ಮತ್ತು ಸೊಳ್ಳೆ ಓಡಿಸುವ ಕ್ರೀಮ್ ಕೂಡ. ಕ್ರೀಮ್ ಹಚ್ಚಿದ ಕೈ ಬಾಗಿಲ ಹಿಡಿಕೆ ಮುಟ್ಟುತ್ತದೆ, ಅಲ್ವಾ?

ತಾರಸಿಯ ಬಕೆಟ್

ನೀರಿನಲ್ಲಿ ನೆನೆಸುವ ಟೆಸ್ಟಿಗೆ ಸಾಮಾನ್ಯವಾಗಿ 40 ಡಿಗ್ರಿ, 240 ತಾಸು ಇಡುತ್ತಾರೆ. ಸರಿಯಾಗಿ 10 ದಿನ. ಮೇ ತಿಂಗಳಲ್ಲಿ ನಮ್ಮ ತಾರಸಿ ಮೇಲಿನ ನೀರು ಮಧ್ಯಾಹ್ನ ತಾನಾಗಿಯೇ ಅಷ್ಟು ಕಾಯುತ್ತದೆ. ರಾತ್ರಿ ಇಳಿಯುತ್ತದೆ, ಹಾಗಾಗಿ ಇದು ಅಸಲಿ ಟೆಸ್ಟ್ ಅಲ್ಲ. ಆದರೂ ಮಾಡಿ ನೋಡಿದೆ.

ಚಾಚಾ ಕೊಟ್ಟ ಒಡೆದ ಬಂಪರಿನಿಂದ ಎರಡು ತುಂಡು ಕೊಯ್ದೆ. ಒಂದಕ್ಕೆ ಎಮರಿ ಪೇಪರ್ ತಿಕ್ಕಿ ನೇರ ಪೇಂಟ್. ಇನ್ನೊಂದಕ್ಕೆ ತಿಕ್ಕಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಆಮೇಲೆ ಪೇಂಟ್. ಒಣಗಿದ ಮೇಲೆ ಕ್ರಾಸ್ ಕಟ್: ಐಎಸ್ಒ ಲೆಕ್ಕದಲ್ಲಿ ಮೊದಲನೆಯದು 1, ಎರಡನೆಯದು 0. ಇಷ್ಟಕ್ಕೇ ನಿಲ್ಲಿಸಿದ್ದರೆ ಎರಡೂ ಪಾಸು ಎನ್ನುತ್ತಿದ್ದೆ. ಅಣ್ಣನ ಬಂಪರಿಗೂ ಆ ದಿನ ಟೇಪ್ ಹಚ್ಚಿದ್ದರೆ ಬಹುಶಃ ಪಾಸೇ ಆಗುತ್ತಿತ್ತು.

ಹತ್ತು ದಿನ ಬಕೆಟ್ಟಿನಲ್ಲಿಟ್ಟು, ಒರೆಸಿ, ಪಕ್ಕದ ಹೊಸ ಜಾಗದಲ್ಲಿ ಮತ್ತೆ ಕೊಯ್ದೆ. ಪ್ರೈಮರ್ ಇದ್ದದ್ದು 1. ಇಲ್ಲದ್ದು ಟೇಪ್ ಜೊತೆ ಒಂದೇ ಏಟಿಗೆ ಬಂತು, ಅಂಕ 5. ಹಿಂಭಾಗ ತಿರುಗಿಸಿ ನೋಡಿದೆ. ಮತ್ತೆ ಅದೇ ನುಣುಪು.

ಈಗ ಮೂರನೇ ತುಂಡು ನೀರಿನಲ್ಲಿದೆ. ಇದಕ್ಕೆ ಪ್ರೈಮರ್ ಇಲ್ಲ, ಚಾಚಾ ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆ ಆಡಿಸಿಕೊಟ್ಟಿದ್ದಾರೆ. ಜ್ವಾಲೆ ಆಡಿಸುವ ಮೊದಲು ನೀರು ಮಣಿಯಾಗಿ ನಿಲ್ಲುತ್ತಿತ್ತು, ಆಮೇಲೆ ಪೂರ್ತಿ ಹರಡಿತು. ಅದನ್ನು ಕಣ್ಣಾರೆ ನೋಡಿದೆ. ನಾಲ್ಕು ದಿನ ಆಗಿದೆ. ಇನ್ನು ಆರು ದಿನ ಅವ್ವ ಬಕೆಟ್ ಕೇಳದಿದ್ದರೆ ಸಾಕು.