ಆಕಾಶವೂ ಬೇಕು, ಕಣಿವೆಯೂ ಬೇಕು

ಆಗುಂಬೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕ್ಯಾಮೆರಾ ಹಿಡಿದು ನಿಂತವರಿಗೆಲ್ಲ ಈ ಪೇಚು ಗೊತ್ತು. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಆಕಾಶಕ್ಕೆ ಹೊಂದಿಸಿದರೆ ಕೆಳಗಿನ ಕಾಡು ಮಸಿ ಬಳಿದಷ್ಟು ಕಪ್ಪು. ಕಾಡಿಗೆ ಹೊಂದಿಸಿದರೆ ಆಕಾಶ ಸುಣ್ಣದ ಗೋಡೆ. ಕಣ್ಣಿಗೆ ಎರಡೂ ಕಾಣುತ್ತವೆ, ಚಿತ್ರದಲ್ಲಿ ಒಂದೇ ಉಳಿಯುತ್ತದೆ. ಅಷ್ಟೊಂದು ಬೆಳಕಿನ ಅಂತರವನ್ನು ಪರದೆಗೆ ಹಿಡಿಸುವ ಹಾಗೆ ಇಳಿಸುವುದಕ್ಕೆ ಈಗ ಟೋನ್‌ಮ್ಯಾಪಿಂಗ್ ಎನ್ನುತ್ತಾರೆ. ಹೆಸರು ಕಂಪ್ಯೂಟರ್ ಕಾಲದ್ದು. ಪೇಚು ಫೋಟೋಗ್ರಫಿಯಷ್ಟೇ ಹಳೆಯದು.

1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರ ತೆಗೆಯುತ್ತಿದ್ದರು. ಆಗಿನ ಗಾಜಿನ ಫಲಕಗಳಿಗೆ ನೀಲಿ ಬೆಳಕು ಬಲು ಬೇಗ ತಾಗುತ್ತಿತ್ತು. ಅಲೆಗಳು ಸರಿಯಾಗಿ ಮೂಡುವಷ್ಟರಲ್ಲಿ ಮೋಡ ಮಾಯ! ಅವರು ನೀರಿಗೊಂದು, ಬಾನಿಗೊಂದು ನೆಗೆಟಿವ್ ಮಾಡಿ, ಎರಡೂ ಕೂಡುವ ಗೆರೆಯಲ್ಲಿ ಜೋಡಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದರು. ಇಂದು ನಾವು ಲೇಯರ್ ಹಾಕಿ ಮಾಡುವುದೂ ಇದನ್ನೇ.

1940ರ ಸುಮಾರಿಗೆ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಇದಕ್ಕೊಂದು ಕ್ರಮ ಕಟ್ಟಿದರು. ಅದೇ ಜೋನ್ ಸಿಸ್ಟಮ್. ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲುಗಳಿವೆ ಅಂದುಕೊಳ್ಳಿ. ಯಾವ ಬಂಡೆ ಯಾವ ಮೆಟ್ಟಿಲ ಮೇಲೆ ಕೂರಬೇಕು ಎಂದು ಶಟರ್ ಒತ್ತುವ ಮೊದಲೇ ತೀರ್ಮಾನಿಸಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಒಂದು ಭಾಗಕ್ಕೆ ಕೈ ಅಡ್ಡ ಹಿಡಿದು ತಿಳಿ ಮಾಡುವುದು, ಇನ್ನೊಂದಕ್ಕೆ ಜಾಸ್ತಿ ಬೆಳಕು ಕೊಟ್ಟು ಗಾಢ ಮಾಡುವುದು.

ಕಂಪ್ಯೂಟರ್ ಜಗತ್ತಿನಲ್ಲಿ ದೊಡ್ಡ ಹೆಜ್ಜೆ 1997ರದ್ದು. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದ ಸಾಮಾನ್ಯ ಫೋಟೋಗಳಿಂದಲೇ ದೃಶ್ಯದ ಬೆಳಕಿನ ಲೆಕ್ಕ ಹಿಡಿಯುವ ದಾರಿಯನ್ನು ಸಂಶೋಧಕರಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ತೋರಿಸಿದರು. ಲೆಕ್ಕವೇನೋ ಸಿಕ್ಕಿತು. ತೋರಿಸುವುದು ಹೇಗೆ? ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಹಂತ ಮಾತ್ರ.

2002ರಲ್ಲಿ ಎರಿಕ್ ರೈನ್‌ಹಾರ್ಡ್ ಮತ್ತು ಸಂಗಡಿಗರು ಉತ್ತರಕ್ಕಾಗಿ ಆಡಮ್ಸ್ ಅವರ ಮೆಟ್ಟಿಲುಗಳಿಗೇ ಮರಳಿದರು. ಅವರ ಸೂತ್ರದ ಸರಳ ರೂಪ ನನಗೆ ತುಂಬಾ ಇಷ್ಟ. ಬೆಳಕಿನ ಅಳತೆಯನ್ನು, ಅದೇ ಅಳತೆಗೆ ಒಂದು ಕೂಡಿಸಿ ಬಂದದ್ದರಿಂದ ಭಾಗಿಸಿ. 1 ಇದ್ದದ್ದು 0.5 ಆಗುತ್ತದೆ, 9 ಇದ್ದದ್ದು 0.9, 99 ಇದ್ದದ್ದು 0.99. ಎಷ್ಟೇ ಪ್ರಖರವಾಗಿರಲಿ, 1 ದಾಟುವುದಿಲ್ಲ. ನೆರಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಸೂರ್ಯ ಮಾತ್ರ ತಗ್ಗುತ್ತಾನೆ.

ಆದರೆ ಇಡೀ ಚಿತ್ರಕ್ಕೆ ಒಂದೇ ಸೂತ್ರ ಹಾಕಿದರೆ ಮೋಡಗಳು ಸಪ್ಪೆಯಾಗುತ್ತವೆ. ಅದಕ್ಕೇ ಪ್ರತಿ ಚುಕ್ಕೆಯನ್ನೂ ಅದರ ಅಕ್ಕಪಕ್ಕಕ್ಕೆ ಹೋಲಿಸಿ ಬೆಳಕು ಹೊಂದಿಸುವ ವಿಧಾನಗಳು ಬಂದವು. ತೊಂದರೆ ಇರುವುದು ಬೆಟ್ಟದ ಅಂಚಿನಲ್ಲಿ. ಅಲ್ಲಿನ ಆಕಾಶದ ಚುಕ್ಕೆಗೆ ಪಕ್ಕದಲ್ಲೇ ಕಪ್ಪು ಬೆಟ್ಟ. ಸರಾಸರಿ ತಗ್ಗುತ್ತದೆ, ತಂತ್ರಾಂಶ ಅದನ್ನು ನೆರಳು ಎಂದುಕೊಂಡು ಬೆಳಗಿಸುತ್ತದೆ. ಬೆಟ್ಟದ ಸುತ್ತ ದೇವರ ಪಟದ ಪ್ರಭೆಯಂಥ ಬಿಳಿ ಅಂಚು ಏಳುತ್ತದೆ. ಹೇಲೋ ಅಂದರೆ ಇದೇ. ಬೆಳಕಿನಲ್ಲಿ ಹತ್ತಿರವಿರುವ ಚುಕ್ಕೆಗಳನ್ನೇ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಬಹಳ ಕಡಿಮೆಯಾಗುತ್ತದೆ ಎಂದು ಡುರಾಂಡ್ ಮತ್ತು ಡಾರ್ಸಿ ಅದೇ 2002ರಲ್ಲಿ ತೋರಿಸಿದ್ದರು.

ಮದ್ದು ಗೊತ್ತಿದ್ದರೂ ರೋಗ ಹಬ್ಬಿತು. ಹಲವು ಎಕ್ಸ್‌ಪೋಷರ್‌ಗಳನ್ನು ಕೂಡಿಸಿ ಬೆಳಕಿನ ದೊಡ್ಡ ಅಂತರ ಹಿಡಿಯುವ ಈ ವಿಧಾನಕ್ಕೆ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಎನ್ನುತ್ತಾರೆ. 2003ರಲ್ಲಿ ಅದಕ್ಕೆಂದೇ ಫೋಟೋಮ್ಯಾಟಿಕ್ಸ್ ಎಂಬ ತಂತ್ರಾಂಶ ಬಂತು, 2005ರಲ್ಲಿ ಫೋಟೋಶಾಪ್‌ಗೂ ಎಚ್‌ಡಿಆರ್ ಸೇರಿತು. ಸ್ಲೈಡರ್ ಎಳೆದಷ್ಟೂ ಮೋಡ ಗುಡುಗುತ್ತಿತ್ತು, ಹುಲ್ಲು ಪ್ಲಾಸ್ಟಿಕ್ ಆಗುತ್ತಿತ್ತು. ಆ ಹತ್ತು ವರ್ಷ ಎಚ್‌ಡಿಆರ್ ಅಂದರೆ ಸಾಕು, ಹಲವರು ಮೂಗು ಮುರಿಯುತ್ತಿದ್ದರು. ನನಗೆ ಅದು ಅನ್ಯಾಯ ಅನಿಸುತ್ತದೆ. ತಪ್ಪು ಗಣಿತದ್ದಲ್ಲ. ನೆರಳೇ ಇರಬಾರದು ಎಂಬ ಆಸೆಯದ್ದು.

2010ರಲ್ಲಿ ಐಫೋನ್‌ಗೆ ಎಚ್‌ಡಿಆರ್ ಬಂದ ಮೇಲೆ ಈ ತೀರ್ಮಾನ ಮೆಲ್ಲಗೆ ಫೋನಿಗೆ ಹೋಯಿತು. ಈಗ ನಾವು ಸುಮ್ನೆ ಒತ್ತುತ್ತೇವೆ. ಎಷ್ಟು ನೆರಳು ಉಳಿಯಬೇಕು ಎಂದು ಅದೇ ಹೇಳುತ್ತದೆ.

ನಾನು ಈಗಲೂ ಟ್ರೈಪಾಡ್ ಹೂಡಿ, ಎರಡೆರಡು ಸ್ಟಾಪ್ ಅಂತರದಲ್ಲಿ, ಅಂದರೆ ಒಂದಕ್ಕಿಂತ ಇನ್ನೊಂದಕ್ಕೆ ನಾಲ್ಕು ಪಟ್ಟು ಬೆಳಕು ಬರುವ ಹಾಗೆ, ಮೂರು ಫೋಟೋ ತೆಗೆಯುತ್ತೇನೆ. ಮನೆಗೆ ಬಂದು ಕೂಡಿಸುತ್ತೇನೆ. ನೆರಳಿನ ಸ್ಲೈಡರನ್ನು ಬಲಕ್ಕೆ ಎಳೆಯುತ್ತಾ ಹೋದರೆ ಕಣಿವೆಯ ಮರಗಳು ಒಂದೊಂದಾಗಿ ಎಣಿಕೆಗೆ ಸಿಗತೊಡಗುತ್ತವೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ತರುತ್ತೇನೆ. ಆ ಸಂಜೆ ಅಲ್ಲಿ ನಿಂತಾಗ ಮರಗಳನ್ನು ಎಣಿಸಲು ನನಗೆ ಆಗಿರಲಿಲ್ಲ.