ಹೊಲದೊಳಗಿನ ಮರ ಯಾರದ್ದು?

ಎರಡು ಎಕರೆ ಇರುವ ರೈತರಿಗೆ ‘ಹೊಲದಲ್ಲಿ ಮರ ಬೆಳೆಸಿ’ ಅಂದರೆ ಅವರು ಮೊದಲು ಕೇಳುವುದು ನೆರಳಿನ ಬಗ್ಗೆ. ಬೆಳೆ ಸೊರಗುವುದಿಲ್ಲವೇ? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಮೇಲ್ಮಣ್ಣಿನಲ್ಲೇ ಬೇರು ಹರಡುವ ಮರ ಬೆಳೆಯ ಪಾಲಿನ ನೀರನ್ನೂ ಕುಡಿದುಬಿಡುತ್ತದೆ. ಹಾಗಾಗಿ ಕೃಷಿ ಅರಣ್ಯದಲ್ಲಿ, ಅಂದರೆ ಬೆಳೆಯ ಜೊತೆಗೇ ಮರ ಬೆಳೆಸುವುದರಲ್ಲಿ, ಮರದ ಆಯ್ಕೆಯೇ ಅರ್ಧ ಕೆಲಸ.

ಆಫ್ರಿಕಾದ ಫೈಡರ್ಬಿಯಾ ಆಲ್ಬಿಡಾ ಮರವನ್ನೇ ನೋಡಿ. ಇದು ಜಾಲಿಯ ನಂಟ. ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಬೇಸಿಗೆಯಲ್ಲಿ ಚಿಗುರುತ್ತದೆ. ಸಜ್ಜೆ, ಜೋಳ ಏಳುವ ಹೊತ್ತಿಗೆ ಬಿಸಿಲಿಗೆ ಅಡ್ಡ ಬರುವುದಿಲ್ಲ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮೇವಿಲ್ಲದ ದಿನಗಳಲ್ಲಿ ಅದರ ಕಾಯಿ ದನಗಳ ಹೊಟ್ಟೆ ಸೇರುತ್ತದೆ.

ನಾವು ಗೊಬ್ಬರದ ಗಿಡ ಎನ್ನುವ ಗ್ಲಿರಿಸಿಡಿಯಾದ ಗುಟ್ಟು ಮಣ್ಣಿನೊಳಗಿದೆ. ಎಳೆ ಬೇರನ್ನು ಮೆಲ್ಲಗೆ ಅಗೆದು ತೆಗೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಈ ಕೆಲಸಕ್ಕೆ ಆಮ್ಲಜನಕ ಜಾಸ್ತಿಯಾದರೆ ಆಗದು. ಅದನ್ನು ಹದದಲ್ಲಿಡುವುದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್‌ನ ಸಂಬಂಧಿ. ಕೆಂಪು ಬಂದಿದ್ದು ಅದರಿಂದಲೇ. ಕೊಂಬೆ ಕಡಿದು ಸೊಪ್ಪನ್ನು ಸಾಲಿಗೆ ಹಾಸಿದರೆ ಆ ಸಾರಜನಕ ಪಕ್ಕದ ಬೆಳೆಗೂ ಸಿಗುತ್ತದೆ.

ಇಷ್ಟೆಲ್ಲ ಲಾಭ ಇದ್ದೂ ರೈತರು ಯಾಕೆ ಹಿಂಜರಿಯುತ್ತಾರೆ? ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಕತೆಯಲ್ಲಿ ಉತ್ತರವಿದೆ. ಮರಾಡಿ ಪ್ರದೇಶದಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ವರ್ಷಗಟ್ಟಲೆ ಸಸಿ ನೆಡಿಸಿದರು. ಬಹುಪಾಲು ಒಣಗಿದವು. 1983ರಲ್ಲಿ ಒಂದು ದಿನ ಮರಳು ದಾರಿಯಲ್ಲಿ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಇಳಿಸುವಾಗ ಅವರ ಕಣ್ಣು ಒಂದು ಪೊದೆಯ ಮೇಲೆ ಬಿತ್ತು. ಹತ್ತಿರ ಹೋಗಿ ನೋಡಿದರೆ ಅದು ಪೊದೆಯಲ್ಲ, ಕಡಿದ ಮರದ ಬುಡದಿಂದ ಎದ್ದ ಚಿಗುರು! ಬೇರು ಕೆಳಗೆ ಜೀವಂತವಾಗಿತ್ತು. ಹೊಲಗಳ ತುಂಬ ಅಂಥ ಬುಡಗಳೇ. ಗಟ್ಟಿಯಾದ ಕೆಲವು ಚಿಗುರುಗಳನ್ನು ಉಳಿಸಿ ಮಿಕ್ಕಿದ್ದನ್ನು ಸವರಿದರೆ ಸಾಕು. ಸಸಿಯ ಖರ್ಚಿಲ್ಲ, ನೀರು ಹೊರುವ ಕಷ್ಟವಿಲ್ಲ.

ಆದರೆ ಕಾನೂನಿನ ಪ್ರಕಾರ ಮರ ಸರ್ಕಾರದ್ದಾಗಿತ್ತು. ತನ್ನದೇ ಹೊಲದ ಮರ ಕಡಿದರೂ ದಂಡ ಬೀಳಬಹುದು ಅಂದರೆ ಚಿಗುರನ್ನು ಯಾರು ಸಾಕುತ್ತಾರೆ, ಅಲ್ವಾ? ಆ ಬಿಗಿ ಸಡಿಲವಾದ ಮೇಲೆ ರೈತರೇ ಒಬ್ಬರನ್ನು ನೋಡಿ ಒಬ್ಬರು ಕಲಿತರು. ಸುಮಾರು 20 ವರ್ಷಗಳಲ್ಲಿ ಅಂದಾಜು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮತ್ತೆ ನಿಂತವು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಮರಗಳ ಲೆಕ್ಕವಲ್ಲ, ‘ಇದು ನನ್ನದು’ ಅನ್ನುವ ಧೈರ್ಯ.

ಭಾರತ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ತಂದಾಗಲೂ ಮರ ಕಡಿಯುವ, ಸಾಗಿಸುವ ನಿಯಮಗಳನ್ನು ಸರಳ ಮಾಡಬೇಕು ಎಂದೇ ಹೇಳಿತು. ಉಳಿದದ್ದು ಕಾಯುವ ಕಷ್ಟ. ಮರದ ಹಣ ಕೈಗೆ ಬರಲು ಹತ್ತಾರು ವರ್ಷ ಬೇಕು, ಮನೆ ಖರ್ಚು ಕಾಯುವುದಿಲ್ಲ. ಅದಕ್ಕೇ ಮೊದಲ ವರ್ಷಗಳಲ್ಲೇ ಸೊಪ್ಪು, ಸೌದೆ, ಮೇವು ಕೊಡುವ ಗಿಡ ಬದುವಿನ ಮೇಲೆ ಬರಬೇಕು. ಹಣ್ಣಿನ ಗಿಡ ಆಮೇಲೆ. ಮರಮುಟ್ಟಿನ ಮರ ಅವುಗಳ ನಡುವೆ ತನ್ನ ಪಾಡಿಗೆ ಬೆಳೆಯುತ್ತಿರಲಿ. ನೆರವು ಕೊಡುವವರು ಸಸಿ ಹಂಚಿದ ದಿನ ಲೆಕ್ಕ ಮುಗಿಸದೆ, ಮೂರನೇ ಬೇಸಿಗೆಯಲ್ಲಿ ಮತ್ತೆ ಅದೇ ಹೊಲಕ್ಕೆ ಹೋಗಿ ಉಳಿದವನ್ನು ಎಣಿಸಬೇಕು. ಒಣಗಿದ್ದು ಯಾಕೆ ಅಂತ ಅಲ್ಲಿನ ರೈತರನ್ನೇ ಕೇಳಬೇಕು.